ಡಯಟಿಷಿಯನ್ ಅನ್ನೋ ಬೋರ್ಡ್ ಹಿಂದೆ ಏನಿದೆ?

ನಾನು ಓದಿದ್ದು ಬಿ.ಕಾಂ., ಹಾಗಾಗಿ ಇವತ್ತಿನ ಕಥೆ ಸಿ.ಎ.ಗಳಿಂದಲೇ ಶುರು. 1949ರಲ್ಲಿ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಬಂತು. ಸದಸ್ಯತ್ವ ಇಲ್ಲದವರು ತಾವು ಸಿ.ಎ. ಅಂತ ಹೇಳಿಕೊಂಡರೆ ಶಿಕ್ಷೆ ಉಂಟು. ನಮ್ಮ ಲೆಕ್ಕ ನೋಡೋರಿಗೆ ಇಷ್ಟು ಬಿಗಿ. ನಮ್ಮ ಊಟ ನೋಡೋರಿಗೆ? ದೇಶಕ್ಕೆಲ್ಲ ಒಂದು ಕಾನೂನು ಬರೋಕೆ 2021 ಆಗಬೇಕಾಯ್ತು.

ಹಾಗಂತ ಆಹಾರ ವಿಜ್ಞಾನದಲ್ಲಿ ನಾವು ಹಿಂದೆ ಬಿದ್ದವರೇನಲ್ಲ. 1918ರಲ್ಲೇ ನೀಲಗಿರಿಯ ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ಅಧ್ಯಯನ ಶುರು ಮಾಡಿದ್ರು. ಕಾಲು ಜೋಮು ಹಿಡಿದು, ಕೊನೆಗೆ ಹೃದಯವೇ ಸೋಲೋ ಕಾಯಿಲೆ ಅದು. ಪಾಲಿಶ್ ಅಕ್ಕಿಯನ್ನೇ ನೆಚ್ಚಿಕೊಂಡವರಿಗೆ ಬರ್ತಿತ್ತು, ಯಾಕಂದ್ರೆ ವಿಟಮಿನ್ ಬಿ1 ತೌಡಿನ ಜೊತೆ ಹೊರಟು ಹೋಗ್ತಿತ್ತು. ಆಮೇಲೆ ಅವರು ಇಲಿಗಳಿಗೆ ದೇಶದ ಬೇರೆ ಬೇರೆ ಭಾಗದ ಊಟ ಹಾಕಿ ನೋಡಿದ್ರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ಇದ್ದ ಪಂಜಾಬಿನ ಊಟ ತಿಂದವು ದಷ್ಟಪುಷ್ಟ. ಅನ್ನವೇ ಜಾಸ್ತಿ ಇದ್ದ ಮದ್ರಾಸಿನ ಊಟ ತಿಂದವು ಸೊರಗಿದ್ದವು. (ದಕ್ಷಿಣದವರು ಬೇಜಾರಾಗಬೇಡಿ, ಅದು ಬಡವರ ತಟ್ಟೆ.)

ಮುಂದೆ ಅಲ್ಲಿಗೆ ನಿರ್ದೇಶಕರಾಗಿ ಬಂದ ಐಕ್ರಾಯ್ಡ್ 1937ರಲ್ಲಿ ನಮ್ಮ ಆಹಾರಗಳ ಪೋಷಕಾಂಶದ ಪಟ್ಟಿಯನ್ನೇ ಪ್ರಕಟಿಸಿದ್ರು. 1971ರಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ಅದನ್ನು ಹೊಸದಾಗಿ ತಂದರು. 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ನಾವು ಕೇಳ್ತೀವಲ್ಲ, ಆ ಲೆಕ್ಕ ಆ ಪುಸ್ತಕದ್ದು. ಅಷ್ಟರಲ್ಲಿ ಪ್ರಯೋಗಾಲಯ ಹೈದರಾಬಾದಿಗೆ ಹೋಗಿತ್ತು. ಅದೇ ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ.

ಪುಸ್ತಕ ಇತ್ತು, ಲ್ಯಾಬ್ ಇತ್ತು. ಅದನ್ನು ರೋಗಿಯ ತಟ್ಟೆಗೆ ಇಳಿಸೋರು ಯಾರು? 1963ರಲ್ಲಿ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ಹುಟ್ಟಿತು. ನ್ಯೂಟ್ರಿಷನ್ ಓದಿ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿ, ಅವರ ಪರೀಕ್ಷೆ ಪಾಸಾದವರಿಗೆ ಆರ್.ಡಿ., ಅಂದ್ರೆ ರಿಜಿಸ್ಟರ್ಡ್ ಡಯಟಿಷಿಯನ್ ಅನ್ನೋ ಗುರುತು. ಆದರೆ ಇದು ಇಷ್ಟ ಇದ್ದವರು ಬರೆಯೋ ಪರೀಕ್ಷೆ. ಬರೆಯದೇ ಬೋರ್ಡ್ ಹಾಕಿದವರನ್ನು ತಡೆಯೋ ಅಧಿಕಾರ ಸಂಘಕ್ಕಿರಲಿಲ್ಲ. ಆ ಸಂದಿಯಲ್ಲೇ ಆನ್‌ಲೈನ್ ಕೋರ್ಸ್‌ನ "ಕೋಚ್"ಗಳು ನುಗ್ಗಿದ್ದು.

2021ರ ಕಾಯ್ದೆ ಫಿಸಿಯೋಥೆರಪಿಸ್ಟ್ ಥರದವರ ಜೊತೆ ಡಯಟಿಷಿಯನ್‌ಗಳನ್ನೂ ಸೇರಿಸಿಕೊಂಡು, ರಾಜ್ಯಕ್ಕೊಂದು ಕೌನ್ಸಿಲ್, ಅಲ್ಲಿ ನೋಂದಣಿ ಅಂತ ಹೇಳಿತು. ಹೇಳಿದ್ದು 2021ರಲ್ಲಿ. ಕೌನ್ಸಿಲ್ ಮಾಡ್ರಪ್ಪಾ ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಗಡುವು ಕೊಡಬೇಕಾಯ್ತು!

ತೂಕ ಎರಡು ಕೆಜಿ ಇಳೀಲಿಲ್ಲ ಅಂದ್ರೆ ದುಡ್ಡು ಹೋಯ್ತು ಅಷ್ಟೆ. ಆದರೆ ಕಿಡ್ನಿ ಕೆಟ್ಟವರಿಗೆ "ಆರೋಗ್ಯಕ್ಕೆ ಒಳ್ಳೇದು" ಅಂತ ದಿನಾ ಎಳನೀರು ಕುಡಿಸಿದ್ರೆ, ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಇನ್ಸುಲಿನ್ ತಗೊಳ್ಳೋರಿಗೆ ಅನ್ನ, ರೊಟ್ಟಿ ಏಕಾಏಕಿ ನಿಲ್ಲಿಸಿದ್ರೆ ಶುಗರ್ ಕುಸಿದು ಎಚ್ಚರ ತಪ್ಪಬಹುದು.

ಅದಕ್ಕೆ ದುಡ್ಡು ಕಟ್ಟೋ ಮುಂಚೆ ಡಿಗ್ರಿ ಯಾವುದು, ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೀರಾ, ಆರ್.ಡಿ. ನಂಬರ್ ಇದೆಯಾ ಅಂತ ಕೇಳಿ. ಓದಿ ಬಂದವರಿಗೆ ಇದರಿಂದ ಸಿಟ್ಟು ಬರಲ್ಲ. ಅವರೂ ನಿಮ್ಮನ್ನು ವಾಪಸ್ ಕೇಳಬೇಕು: ರಕ್ತ ಪರೀಕ್ಷೆ ರಿಪೋರ್ಟ್ ಎಲ್ಲಿ, ಯಾವ ಮಾತ್ರೆ ನುಂಗ್ತೀರ, ಮನೇಲಿ ಅಡುಗೆ ಯಾರು ಮಾಡ್ತಾರೆ? ಇದೇನೂ ಕೇಳದೆ, ಮುದ್ದೆ ಬಿಟ್ಟು ಕಿನೋವಾ ತಿನ್ನಿ ಅಂತ ವಾಟ್ಸಾಪ್‌ನಲ್ಲಿ ಪಿ.ಡಿ.ಎಫ್. ಕಳಿಸಿದ್ರೆ, ಯಾಕೆ ಅಂತ ಒಂದ್ಸಲ ಕೇಳಿ ನೋಡಿ.