ಪಾರ್ವತಿಬಾಯಿಯ ಕುಂಕುಮ

1773ರ ಆಗಸ್ಟ್ 30ರಂದು ಪುಣೆಯ ಶನಿವಾರವಾಡೆಯಲ್ಲಿ ಗಾರ್ದಿ ಸಿಪಾಯಿಗಳು ಪೇಶ್ವೆ ನಾರಾಯಣರಾಯನನ್ನು ಕಡಿದುಹಾಕಿದರು. ಅವನಿಗಿನ್ನೂ 18 ವರ್ಷ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ಬೊಟ್ಟು ಮಾಡಿದ್ದು ಚಿಕ್ಕಪ್ಪ ರಘುನಾಥರಾಯನತ್ತ. ಗಾದಿಯೂ ಆ ಚಿಕ್ಕಪ್ಪನಿಗೇ ದಕ್ಕಿತು.

ಆದರೆ ಸತ್ತವನ ಹೆಂಡತಿ ಗಂಗಾಬಾಯಿ ಬಸುರಿ. ರಘುನಾಥರಾಯ ದಂಡು ಕಟ್ಟಿಕೊಂಡು ದಕ್ಷಿಣಕ್ಕೆ ಹೋಗಿದ್ದ ಸಮಯ ನೋಡಿ ನಾನಾ ಫಡ್ನವೀಸ, ಸಖಾರಾಮ ಬಾಪು ಮೊದಲಾದ ವಿರೋಧಿ ಮುತ್ಸದ್ದಿಗಳ ಕೂಟ, ‘ಬಾರಾಭಾಯಿ’ಗಳು, 1774ರ ಜನವರಿಯಲ್ಲಿ ಆಕೆಯನ್ನು ಪುರಂದರ ಕೋಟೆಗೆ ಸಾಗಿಸಿದರು. ಏಪ್ರಿಲ್ 18ರಂದು ಗಂಡು ಮಗು ಹುಟ್ಟಿತು. ಹೆಸರು ಸವಾಯಿ ಮಾಧವರಾಯ. ಹೆಣ್ಣು ಹುಟ್ಟಿದರೆ ಅದಲುಬದಲು ಮಾಡಲೆಂದು ಬೇರೆ ಬಸುರಿಯರನ್ನೂ ಕೋಟೆಯಲ್ಲಿಟ್ಟಿದ್ದರೆಂಬ ವದಂತಿ ಎದ್ದಿತು. ಗಂಡನಿಗಾಗಿ ಅಳುವುದಕ್ಕೂ ಪುರುಸೊತ್ತಿಲ್ಲದ ಬಾಣಂತನ ಅದು.

ಗಂಗಾಬಾಯಿಯ ಜೊತೆ ಪುರಂದರಕ್ಕೆ ಹೋದವಳು ಪಾರ್ವತಿಬಾಯಿ, ಪಾಣಿಪತ್ ಯುದ್ಧದ ಮರಾಠಾ ದಂಡನಾಯಕ ಸದಾಶಿವರಾವ್ ಭಾವೂನ ಹೆಂಡತಿ. ಗಂಡನೊಂದಿಗೆ ಪಾಣಿಪತ್ತಿನವರೆಗೂ ಹೋಗಿ, 1761ರ ಜನವರಿ 14ರ ಸೋಲಿನ ಬಳಿಕ ಒಬ್ಬಳೇ ಮರಳಿದ್ದಳು. ಭಾವೂನ ಶವ ಸಿಕ್ಕಿತೆಂದು ಕೆಲವರು, ಅದು ಅವನದಲ್ಲವೆಂದು ಕೆಲವರು. ಆಕೆ ಕುಂಕುಮ ಅಳಿಸಲಿಲ್ಲ, ಕೂದಲು ತೆಗೆಸಲಿಲ್ಲ. ಕಟ್ಟಾ ಸಂಪ್ರದಾಯದ ಬ್ರಾಹ್ಮಣ ಮನೆತನದಲ್ಲಿ ಇದು ಸಣ್ಣ ಮಾತಲ್ಲ.

ಈ ಕಾಯುವಿಕೆಯನ್ನು ಊರೂ ನಂಬಿತು. ಅದನ್ನೇ ಬಂಡವಾಳ ಮಾಡಿಕೊಂಡವನು ಉತ್ತರದ ಕನೌಜಿ ಬ್ರಾಹ್ಮಣನೊಬ್ಬ. ತಾನೇ ಭಾವೂ ಎಂದು ಹೇಳಿಕೊಂಡು ಸಿಕ್ಕಿಬಿದ್ದು ರತ್ನಾಗಿರಿಯಲ್ಲಿ ಸೆರೆಯಲ್ಲಿದ್ದ ಅವನನ್ನು 1776ರಲ್ಲಿ ಅಲ್ಲಿನ ಅಧಿಕಾರಿಯೇ ಬಿಟ್ಟುಬಿಟ್ಟ. ಕೊಂಕಣದಲ್ಲಿ ಸಾವಿರಾರು ಜನ ಅವನ ಬೆನ್ನಿಗೆ ನಿಂತರು. ಅಂತಃಕಲಹದಿಂದ ಬೇಸತ್ತವರಿಗೆ ಪಾಣಿಪತ್ತಿನ ವೀರ ಮರಳಿ ಬಂದನೆಂಬ ಸುದ್ದಿ ಎಷ್ಟು ಹಿತವಾಗಿ ಕೇಳಿರಬೇಕು! ಮರಾಠಾ ಸರದಾರ ಮಹಾದಜಿ ಶಿಂದೆಯ ಸೈನ್ಯ ಬೆನ್ನಟ್ಟಿತು, ಕೊಂಕಣ ಕರಾವಳಿಯ ನೌಕಾ ಸರದಾರ ಆಂಗ್ರೆ ಹಿಡಿದುಕೊಟ್ಟ. ಅದೇ ವರ್ಷ ಡಿಸೆಂಬರಿನಲ್ಲಿ ಪುಣೆಯಲ್ಲಿ ಅವನನ್ನು ಆನೆಯ ಕಾಲಿಗೆ ಕಟ್ಟಿ ಕೊಲ್ಲಿಸಿದರು.

ಆ ಸುದ್ದಿ ಕೇಳಿದ ಪಾರ್ವತಿಬಾಯಿಗೆ ಏನನ್ನಿಸಿತೋ, ಬಖರುಗಳನ್ನು, ಅಂದರೆ ಮರಾಠಿ ಚರಿತ್ರೆಯ ಕಥನಗಳನ್ನು, ಬರೆದ ಗಂಡಸರಿಗೆ ಅದರ ಗೊಡವೆ ಇರಲಿಲ್ಲ.

ಗಂಗಾಬಾಯಿ 1777ರಲ್ಲಿ, ಮಗುವಿಗೆ ಮೂರು ವರ್ಷವಾಗಿದ್ದಾಗ, ತೀರಿಕೊಂಡಳು. ರಘುನಾಥರಾಯ ಇಂಗ್ಲಿಷರ ಮೊರೆಹೊಕ್ಕದ್ದರಿಂದ ಮನೆಜಗಳ ದೊಡ್ಡ ಯುದ್ಧವಾಗಿ, 1782ರ ಸಾಲ್‌ಬಾಯಿ ಒಪ್ಪಂದದವರೆಗೆ ಎಳೆಯಿತು. 1783ರಲ್ಲಿ ಪಾರ್ವತಿಬಾಯಿ ಮುತ್ತೈದೆಯಾಗಿಯೇ ಕಣ್ಣುಮುಚ್ಚಿದಳು. ಆ ಡಿಸೆಂಬರಿನಲ್ಲಿ ಕೋಪರಗಾಂವ್‌ನಲ್ಲಿ ರಘುನಾಥರಾಯನೂ ಸತ್ತ. ಕಲಹದ ನಡುವೆಯೇ 1775ರ ಜನವರಿಯಲ್ಲಿ ಅವನ ಹೆಂಡತಿ ಆನಂದಿಬಾಯಿ ಧಾರ್ ಕೋಟೆಯಲ್ಲಿ ಹೆತ್ತಿದ್ದ ಮಗ, ಎರಡನೆಯ ಬಾಜಿರಾಯ, ಸವಾಯಿ ಮಾಧವರಾಯನ ನಂತರ 1796ರಲ್ಲಿ ಪುಣೆಯ ಗಾದಿ ಏರಿದ.