ಹೊಡೆಯುವ ಕೈ, ಕೇಳುವ ಕಿವಿ

ಹೊಸ ಆಯುಧವೊಂದು ಬಂದಾಗಲೆಲ್ಲ ಅದನ್ನು ಕುರಿತು ಮಾತನಾಡುವವರು ಎರಡು ಪಂಗಡವಾಗುತ್ತಾರೆ. ಇನ್ನು ಹಳೆಯದೆಲ್ಲ ಮುಗಿಯಿತೆನ್ನುವವರು ಒಂದು ಕಡೆ. ಇಂಥವನ್ನು ನಾವೆಷ್ಟು ಕಂಡಿಲ್ಲವೆನ್ನುವವರು ಇನ್ನೊಂದು ಕಡೆ. ಆಳಿಲ್ಲದೆ ತಾವೇ ಓಡುವ ದೋಣಿಗಳೂ ಡ್ರೋನುಗಳೂ ಕಡಲಿಗೆ ಇಳಿದಿರುವುದರಿಂದ ಈ ವಾದ ಈಗ ಮತ್ತೆ ಎದ್ದಿದೆ. ನೌಕಾಯುದ್ಧದ ಚರಿತ್ರೆಯನ್ನು ಓದುವ ಹವ್ಯಾಸವುಳ್ಳ ನನಗೆ, ಈ ವಾದದಲ್ಲಿ ಮುಖ್ಯವಾದೊಂದು ಪ್ರಶ್ನೆ ಬಿಟ್ಟುಹೋಗುತ್ತಿದೆಯೆಂದು ತೋರುತ್ತದೆ. ಹಡಗನ್ನು ಹೊಡೆಯುವುದು ಹೇಗೆಂದು ಎಲ್ಲರೂ ಕೇಳುತ್ತಾರೆ. ಹೊಡೆಯಲು ಬಂದವನನ್ನು ಮೊದಲೇ ಅರಿಯುವುದು ಹೇಗೆಂದು ಕೇಳುವವರು ಕಡಮೆ. ಕಳೆದ ನೂರೈವತ್ತು ವರ್ಷಗಳಲ್ಲಿ ಕಡಲಿನ ಪಾಲಾದ ಹಡಗುಗಳಲ್ಲಿ ಎಷ್ಟೋ ಹಡಗುಗಳು ಈ ಎರಡನೆಯ ಪ್ರಶ್ನೆಗೆ ಉತ್ತರ ದೊರೆಯದೆ ಮುಳುಗಿದುವು.

ಟಾರ್ಪೆಡೊವಿನಿಂದಲೇ ಆರಂಭಿಸೋಣ. ಆಡ್ರಿಯಾಟಿಕ್ ಕಡಲಿನ ದಂಡೆಯಲ್ಲಿ ಫ್ಯೂಮೆ ಎಂಬ ರೇವುಪಟ್ಟಣವಿತ್ತು; ಇಂದು ಅದು ಕ್ರೊಯೇಷಿಯಾ ದೇಶದ ರಿಯೇಕಾ. ಅಲ್ಲಿ ರಾಬರ್ಟ್ ವೈಟ್‌ಹೆಡ್ ಎಂಬ ಇಂಗ್ಲಿಷ್ ಎಂಜಿನಿಯರನು 1866ರಲ್ಲಿ ನೀರಿನೊಳಗೆ ತಾನೇ ಸಾಗಿ ಹೋಗುವ ಸ್ಫೋಟಕವೊಂದನ್ನು ಸಿದ್ಧಪಡಿಸಿದನು. ಅದನ್ನು ಸಣ್ಣ ದೋಣಿಯಿಂದಲೂ ಬಿಡಬಹುದಾಗಿತ್ತು. ಇದರಿಂದ ಫ್ರಾನ್ಸಿನಲ್ಲಿ ಒಂದು ಹೊಸ ಪಂಥವೇ ಹುಟ್ಟಿತು. ಒಂದು ದೊಡ್ಡ ಯುದ್ಧನೌಕೆಗೆ ತಗಲುವ ಹಣದಲ್ಲಿ ಹಿಂಡುಹಿಂಡು ಟಾರ್ಪೆಡೊ ದೋಣಿಗಳನ್ನು ಕಟ್ಟಬಹುದು, ಬ್ರಿಟನ್ನಿನ ದೈತ್ಯ ಹಡಗುಗಳ ಕಾಲ ಮುಗಿಯಿತು ಎಂದು ಅವರ ವಾದ. ಈ ಪಂಥದ ಹಿರಿಯನಾದ ಅಡ್ಮಿರಲ್ ಓಬ್ 1886ರಲ್ಲಿ ನೌಕಾಮಂತ್ರಿಯೂ ಆದನು. 1891ರಲ್ಲಿ ಚಿಲಿ ದೇಶದ ಅಂತರ್ಯುದ್ಧದಲ್ಲಿ ಬ್ಲಾಂಕೊ ಎನ್ಕಲಾಡ ಎಂಬ ಉಕ್ಕಿನ ಕವಚದ ಹಡಗು ಟಾರ್ಪೆಡೊ ತಗಲಿ ಮುಳುಗಿದಾಗ ಈ ವಾದಕ್ಕೆ ಬಲ ಬಂದಂತಾಯಿತು.

ಆದರೆ ಚಾಪೆಯ ಕೆಳಗೆ ನುಸುಳುವವನಿದ್ದರೆ ರಂಗೋಲಿಯ ಕೆಳಗೆ ನುಸುಳುವವನೂ ಇರುತ್ತಾನೆ. ಆ ದೋಣಿಗಳನ್ನು ಬೆನ್ನಟ್ಟಿ ಹೊಡೆಯಲೆಂದೇ ಬ್ರಿಟನ್ ವೇಗದ ಹೊಸ ಹಡಗುಗಳನ್ನು ಕಟ್ಟಿತು. ‘ಹ್ಯಾವಕ್’ ಎಂಬುದು 1893ರಲ್ಲಿ ಕಡಲಿಗೆ ಇಳಿಯಿತು. ಇಂದು ನಾವು ‘ಡಿಸ್ಟ್ರಾಯರ್’ ಎಂದು ಕರೆಯುವ ಹಡಗಿನ ಪೂರ್ತಿ ಹೆಸರು ಮೊದಲು ‘ಟಾರ್ಪೆಡೊ ದೋಣಿಗಳ ವಿಧ್ವಂಸಕ’ ಎಂದಿತ್ತೆಂಬುದನ್ನು ಈಗ ನೆನೆಯುವವರಿಲ್ಲ.

ಕಣ್ಣಿಗೆ ಕಾಣುವ ದೋಣಿಗೆ ಮದ್ದು ದೊರೆಯಿತು. ಕಾಣದ ದೋಣಿಗೆ? 1914ರ ಸೆಪ್ಟೆಂಬರ್ 22ರ ಬೆಳಗ್ಗೆ ಹಾಲೆಂಡಿನ ತೀರದಾಚೆ ಮೂರು ಬ್ರಿಟಿಷ್ ಕ್ರೂಸರುಗಳು ಕಾವಲು ತಿರುಗುತ್ತಿದ್ದುವು. ಮೊದಲನೆಯದಾದ ‘ಅಬೂಕಿರ್’ನ ಕೆಳಗೆ ಸ್ಫೋಟವಾಯಿತು. ನೀರಿನಲ್ಲಿ ಹುದುಗಿಸಿದ ಮೈನಿಗೆ ಹಡಗು ತಗಲಿರಬೇಕೆಂದು ಬಗೆದ ಅದರ ಕ್ಯಾಪ್ಟನ್, ನೆರವಿಗೆ ಬರುವಂತೆ ಉಳಿದೆರಡು ಹಡಗುಗಳಿಗೆ ಸಂಜ್ಞೆ ಮಾಡಿದನು. ಅವು ಹತ್ತಿರ ಬಂದು, ನಿಂತು, ಮುಳುಗುತ್ತಿದ್ದವರನ್ನು ಎತ್ತಿಕೊಳ್ಳಲು ದೋಣಿಗಳನ್ನು ಇಳಿಸಿದುವು. ಕೆಳಗಿದ್ದ ಜರ್ಮನಿಯ ‘ಯು-9’ ಜಲಾಂತರ್ಗಾಮಿಗೆ ಇದಕ್ಕಿಂತ ಸುಲಭವಾದ ಗುರಿ ಯಾವುದು! ಸುಮಾರು ಒಂದೂವರೆ ಗಂಟೆಯೊಳಗೆ ಮೂರು ಹಡಗುಗಳೂ ತಳ ಸೇರಿದುವು. 1,400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರನ್ನು ಕೊಂದದ್ದು ಟಾರ್ಪೆಡೊ ಎನ್ನುವುದಕ್ಕಿಂತ, ಹೊಡೆದದ್ದು ಏನೆಂದು ತಿಳಿಯದೆ ಹೋದದ್ದು ಎಂದರೆ ಸರಿಯಾದೀತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸಣ್ಣ ದೋಣಿಯ ಕೈಗೆ ಇನ್ನೂ ಉದ್ದನೆಯ ತೋಳು ಬಂದಿತು. ಸೋವಿಯತ್ ಒಕ್ಕೂಟ ಪಿ-15 ಎಂಬ ಕ್ಷಿಪಣಿಯನ್ನು ಮಾಡಿತು. ಅದರ ಮೂತಿಯಲ್ಲೇ ರೇಡಾರ್ ಇದ್ದು, ಅದು ಗುರಿಯನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು. 1967ರ ಅಕ್ಟೋಬರ್ 21ರಂದು ಇಸ್ರೇಲಿನ ‘ಐಲಾತ್’ ಎಂಬ ಡಿಸ್ಟ್ರಾಯರ್ ಈಜಿಪ್ಟಿನ ಪೋರ್ಟ್ ಸೈದ್ ರೇವಿನಾಚೆ ತಿರುಗುತ್ತಿದ್ದಾಗ, ರೇವಿನೊಳಗೆ ನಿಂತಿದ್ದ ಸಣ್ಣ ದೋಣಿಗಳು ಈ ಕ್ಷಿಪಣಿಗಳನ್ನು ಬಿಟ್ಟುವು. ಹಡಗು ಮುಳುಗಿತು, 47 ಜನ ಮಡಿದರು. ಪ್ರಪಂಚದ ನೌಕಾಪಡೆಗಳೆಲ್ಲ ಒಮ್ಮೆ ಬೆಚ್ಚಿದುವು.

ಇದೇ ಕ್ಷಿಪಣಿಯ ಎಂಟು ದೋಣಿಗಳನ್ನು ನಮ್ಮ ದೇಶವೂ ಕೊಂಡಿತು. ಆ ಜಾತಿಯ ದೋಣಿಯನ್ನು ನಮ್ಮ ಕನ್ನಡನಾಡಿನಲ್ಲೇ ನೋಡಬಹುದು. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಮರಳಿನ ಮೇಲೆ ನಿಂತಿರುವ ‘ಚಪಲ್’ ಅದರ ತುಸು ಈಚಿನ ರೂಪ. ನಾನು ಅದನ್ನು ಸುತ್ತಿ ನೋಡಿದ್ದೇನೆ. ಉದ್ದ ನಲವತ್ತು ಮೀಟರಿಗಿಂತ ಸ್ವಲ್ಪ ಕಡಮೆ. ಬೆನ್ನ ಮೇಲೆ ಕ್ಷಿಪಣಿಯ ನಾಲ್ಕು ಗೂಡುಗಳು. ಬಂದರಿನ ಬಾಯನ್ನು ಕಾಯುವುದಕ್ಕೆಂದು ಮಾಡಿದ ದೋಣಿ. ದೂರದ ಪಯಣಕ್ಕೆ ಹೇಳಿದ್ದಲ್ಲ.

ಮೊದಲ ಎಂಟು ದೋಣಿಗಳು 1971ರಲ್ಲಿ ಬಂದಾಗ, ಅವನ್ನು ಎತ್ತಿ ಇಳಿಸುವಷ್ಟು ಬಲವಾದ ಕ್ರೇನು ಮುಂಬಯಿಯಲ್ಲಿ ಇರಲಿಲ್ಲ. ಕಲಕತ್ತೆಯಲ್ಲಿ ಇಳಿಸಿ, ಹಗ್ಗ ಕಟ್ಟಿ ಎಳೆದುಕೊಂಡು, ಕನ್ಯಾಕುಮಾರಿಯನ್ನು ಬಳಸಿ ಮುಂಬಯಿಗೆ ತರಬೇಕಾಯಿತು. ಇಷ್ಟು ದೂರ ಎಳೆದು ತರಬಹುದಾದರೆ ಶತ್ರುವಿನ ಬಾಗಿಲಿಗೂ ಏಕೆ ಒಯ್ಯಬಾರದು ಎಂಬ ಯೋಚನೆ ನಮ್ಮ ನೌಕಾಪಡೆಯಲ್ಲಿ ಬೆಳೆಯಿತು. ಆಗಿನ ನೌಕಾದಂಡನಾಯಕರಾದ ಅಡ್ಮಿರಲ್ ನಂದಾ ಅವರು ಬಾಲ್ಯವನ್ನು ಕಳೆದದ್ದು ಕರಾಚಿಯ ಬಂದರಿನ ಬಳಿಯ ಮನೋರಾದಲ್ಲಿ. ಆ ರೇವಿನ ಪರಿಚಯ ಅವರಿಗೆ ಚೆನ್ನಾಗಿತ್ತು. ಡಿಸೆಂಬರ್ 4ರ ರಾತ್ರಿ ‘ನಿಪಾತ್’, ‘ನಿರ್ಘಾತ್’, ‘ವೀರ್’ ಎಂಬ ಮೂರು ದೋಣಿಗಳು, ‘ಕಿಲ್ತಾನ್’ ಮತ್ತು ‘ಕಚಾಲ್’ ಎಂಬ ಎರಡು ದೊಡ್ಡ ನೌಕೆಗಳೊಡನೆ ಕರಾಚಿಯ ಕಡೆಗೆ ನುಗ್ಗಿದುವು. ‘ಖೈಬರ್’ ಎಂಬ ಡಿಸ್ಟ್ರಾಯರ್, ‘ಮುಹಾಫಿಜ್’ ಎಂಬ ಮೈನುಗುಡಿಸುವ ಹಡಗು ಮುಳುಗಿದುವು. ನಮ್ಮ ಕಡೆ ಒಂದು ಜೀವವೂ ಹೋಗಲಿಲ್ಲ. ನಾಲ್ಕು ದಿನಗಳ ಮೇಲೆ ‘ವಿನಾಶ್’ ಎಂಬ ಒಂದೇ ದೋಣಿ ಮತ್ತೆ ಹೋಗಿ ಕೆಮಾರಿಯ ತೈಲಾಗಾರಕ್ಕೆ ಬೆಂಕಿ ಹಚ್ಚಿ ಬಂದಿತು.

ಇಲ್ಲಿ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಮೊದಲ ಕ್ಷಿಪಣಿ ತಗಲಿದಾಗ ‘ಖೈಬರ್’ ಕಳಿಸಿದ ಸಂದೇಶದಲ್ಲಿ ತನ್ನನ್ನು ಶತ್ರುವಿನ ವಿಮಾನ ಹೊಡೆಯಿತೆಂದು ಹೇಳಿತ್ತು. 1914ರಲ್ಲಿ ಟಾರ್ಪೆಡೊವನ್ನು ಮೈನೆಂದು ಬಗೆದಂತೆ, 1971ರಲ್ಲಿ ಕ್ಷಿಪಣಿಯನ್ನು ವಿಮಾನವೆಂದು ಬಗೆದರು. ಹೊಸ ಆಯುಧದ ಮೊದಲ ಗೆಲವಿನಲ್ಲಿ ಅರ್ಧ ಪಾಲು ಎದುರಾಳಿಯ ಅರಿಯದಿರವಿನದು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಸಂತೋಷವಾಗಿತ್ತು. ಆದರೆ ಅದೇ ವಾರ, ಅದೇ ಅರಬ್ಬೀ ಸಮುದ್ರದಲ್ಲಿ, ಅದೇ ನೌಕಾಪಡೆ ಇದರ ಇನ್ನೊಂದು ಮುಖವನ್ನೂ ಕಂಡಿತು. ಗುಜರಾತಿನ ಅಂಚಿನ ದೀವ್ ದ್ವೀಪದಾಚೆ ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿ ಸುಳಿಯುತ್ತಿತ್ತು. ಅದು ಫ್ರಾನ್ಸಿನಲ್ಲಿ ಕಟ್ಟಿದ್ದು, ಹೊಸದು. ಅದನ್ನು ಹುಡುಕಲು ನಮ್ಮ ‘ಖುಕ್ರಿ’ ಮತ್ತು ‘ಕೃಪಾಣ್’ ಫ್ರಿಗೇಟುಗಳು ಹೋದುವು. ನೀರಿನೊಳಗೆ ಹಡಗಿನ ಕಿವಿಯೆಂದರೆ ಸೋನಾರ್ ಯಂತ್ರ. ಅದು ನೀರಿನಲ್ಲಿ ಶಬ್ದವನ್ನು ಬಿಟ್ಟು ಮರುದನಿಯನ್ನು ಆಲಿಸುತ್ತದೆ. ಕಡಲ ನೀರೋ ಬಿಸಿ ತಂಪುಗಳ ಪದರಪದರ. ಶಬ್ದ ಅಲ್ಲಿ ನೇರವಾಗಿ ಹೋಗದೆ ಬಾಗುತ್ತದೆ. ‘ಖುಕ್ರಿ’ಯ ಸೋನಾರ್ ಹಳೆಯದು; ಅದಕ್ಕೆ ಕೇಳುವಷ್ಟು ಹತ್ತಿರ ಬರುವ ಮೊದಲೇ ‘ಹಂಗೋರ್’ಗೆ ಅದು ಕೇಳಿಸುತ್ತಿತ್ತು. ಈ ಕೊರತೆಯನ್ನು ತುಂಬಲು ಹೊಸದೊಂದು ಉಪಕರಣವನ್ನು ‘ಖುಕ್ರಿ’ಯ ಮೇಲೆ ಪರೀಕ್ಷಿಸುತ್ತಿದ್ದರು. ಆ ಪರೀಕ್ಷೆಗಾಗಿ ಹಡಗು ನಿಧಾನವಾಗಿ ಹೋಗಬೇಕಾಗಿತ್ತು. ಜಲಾಂತರ್ಗಾಮಿ ಇರುವ ಕಡಲಿನಲ್ಲಿ ನಿಧಾನವಾಗಿ ಹೋಗುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಕೇಳುವ ಶಕ್ತಿಯನ್ನು ಗಳಿಸಿಕೊಳ್ಳಲು ಹಡಗು ಪ್ರಾಣವನ್ನೇ ಪಣವಾಗಿ ಒಡ್ಡಬೇಕಾಯಿತು.

ಡಿಸೆಂಬರ್ 9ರ ರಾತ್ರಿ ಟಾರ್ಪೆಡೊ ತಗಲಿ ‘ಖುಕ್ರಿ’ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಅದರೊಡನೆ 18 ಅಧಿಕಾರಿಗಳೂ 176 ನಾವಿಕರೂ ಮುಳುಗಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. ಅವರ ಧೈರ್ಯದ ಮುಂದೆ ತಲೆಬಾಗದವರಿಲ್ಲ. ಆದರೆ ಅಂಥ ಧೈರ್ಯ ಅಷ್ಟು ಬೇಗ ಬೇಕಾಗಿ ಬಂದದ್ದು ಏಕೆಂಬ ಪ್ರಶ್ನೆಯನ್ನು ಬದುಕಿರುವವರು ಕೇಳಿಕೊಳ್ಳಲೇಬೇಕು. ಪ್ರಪಂಚವೇ ಬೆರಗಾಗುವಂಥ ಕೈಯನ್ನು ನಾವು ಕೊಂಡಿದ್ದೆವು. ಅದಕ್ಕೆ ತಕ್ಕ ಕಿವಿ ನಮಗಿರಲಿಲ್ಲ.

ಕಿವಿಯಿದ್ದವನು ಏನು ಮಾಡಬಲ್ಲನೆಂಬುದು ಎರಡೇ ವರ್ಷಗಳಲ್ಲಿ ತಿಳಿಯಿತು. ‘ಐಲಾತ್’ ಕಳೆದುಕೊಂಡ ಇಸ್ರೇಲ್ ಸುಮ್ಮನೆ ಕುಳಿತಿರಲಿಲ್ಲ. 1973ರ ಅಕ್ಟೋಬರಿನಲ್ಲಿ ಸಿರಿಯಾದ ಲಟಾಕಿಯಾ ರೇವಿನೆದುರು ಕ್ಷಿಪಣಿ ದೋಣಿಗಳೇ ಒಂದನ್ನೊಂದು ಎದುರಿಸಿದುವು. ಇಸ್ರೇಲಿನವರು ಎದುರಾಳಿಯ ರೇಡಾರನ್ನು ಮೊದಲೇ ಆಲಿಸಿ, ಅದರ ದಿಕ್ಕುಗೆಡಿಸಿ, ಗಾಳಿಗೆ ಲೋಹದ ಎಳೆಗಳನ್ನು ತೂರಿ ಸುಳ್ಳು ಗುರಿಗಳನ್ನು ಸೃಷ್ಟಿಸಿದರು. ಸಿರಿಯಾದ ಐದು ನೌಕೆಗಳು ಹೋದುವು; ಆರು ವರ್ಷಗಳ ಹಿಂದೆ ಜಗತ್ತನ್ನು ಬೆಚ್ಚಿಸಿದ ಅದೇ ಪಿ-15 ಒಂದೂ ತಗಲಲಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನ ಫಾಕ್‌ಲ್ಯಾಂಡ್ ಯುದ್ಧದಲ್ಲಿ ದೊರೆಯುತ್ತದೆ. 1982ರ ಮೇ 4ರಂದು ಬ್ರಿಟನ್ನಿನ ‘ಶೆಫೀಲ್ಡ್’ ಹಡಗನ್ನು ಆರ್ಜೆಂಟೀನದ ವಿಮಾನ ಬಿಟ್ಟ ಎಕ್ಸೊಸೆ ಕ್ಷಿಪಣಿ ಹೊಡೆಯಿತು. 20 ಜನ ಸತ್ತರು. ಶತ್ರುವಿನ ರೇಡಾರನ್ನು ಆಲಿಸುವ ಯಂತ್ರ ಆ ಹಡಗಿನಲ್ಲಿ ಇಲ್ಲದಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಹಡಗು ಉಪಗ್ರಹದ ಮೂಲಕ ಮಾತನಾಡುತ್ತಿತ್ತು. ಆ ಯಂತ್ರದ ಸದ್ದು ಈ ಯಂತ್ರವನ್ನು ಕಿವುಡಾಗಿಸಿತ್ತು. ಕಿವಿಯನ್ನು ಕೊಂಡರಷ್ಟೇ ಸಾಲದು. ಬಾಯನ್ನು ಯಾವಾಗ ಮುಚ್ಚಬೇಕೆಂಬ ಅಭ್ಯಾಸವೂ ಬೇಕು.

ಇನ್ನು ಇಂದಿನ ಸಂಗತಿ. 2022ರಲ್ಲಿ ರಷ್ಯ ದಾಳಿಮಾಡಿದಾಗ ಉಕ್ರೇನಿಗೆ ಹೇಳಿಕೊಳ್ಳುವಂಥ ನೌಕಾಪಡೆಯೇ ಇರಲಿಲ್ಲ. ಆದರೂ ಆ ವರ್ಷದ ಏಪ್ರಿಲ್ 14ರಂದು ಕಪ್ಪು ಸಮುದ್ರದ ರಷ್ಯನ್ ಪಡೆಯ ಮುಖ್ಯ ಹಡಗಾದ ‘ಮಾಸ್ಕ್ವಾ’ ಮುಳುಗಿತು. ತೀರದಿಂದ ಬಿಟ್ಟ ಎರಡು ಕ್ಷಿಪಣಿಗಳು ಅದನ್ನು ಹೊಡೆದುವೆಂದು ಉಕ್ರೇನ್ ಹೇಳಿತು. ಬೆಂಕಿ ಬಿದ್ದು ಮದ್ದುಗುಂಡು ಸಿಡಿಯಿತೆಂದು ರಷ್ಯ ಹೇಳಿತು. ಆಮೇಲೆ ಆಳಿಲ್ಲದ ದೋಣಿಗಳು ಬಂದುವು. ಹೊಟ್ಟೆಯಲ್ಲಿ ಸ್ಫೋಟಕವನ್ನಿಟ್ಟುಕೊಂಡು, ನೀರಿನ ಮಟ್ಟಕ್ಕೆ ಅಂಟಿಕೊಂಡಂತೆ ಓಡುವ ಇವನ್ನು ದೂರದಲ್ಲಿ ಕುಳಿತವನು ನಡೆಸುತ್ತಾನೆ. 2024ರ ಫೆಬ್ರವರಿಯಲ್ಲಿ ಇಂಥ ದೋಣಿಗಳು ಕ್ರಿಮಿಯಾದ ಬಳಿ ‘ಇವಾನೊವೆತ್ಸ್’ ಎಂಬ ನೌಕೆಯನ್ನು ಮುಳುಗಿಸಿದ ಚಿತ್ರವನ್ನು ಉಕ್ರೇನ್ ಹೊರಗೆಡವಿತು. ಅದು ಎಂಥ ನೌಕೆ? ಕರಾಚಿಗೆ ಹೋದ ನಮ್ಮ ದೋಣಿಗಳ ವಂಶದಲ್ಲೇ ಮುಂದೆ ಹುಟ್ಟಿದ ಕ್ಷಿಪಣಿನೌಕೆ! ಒಂದು ಕಾಲದಲ್ಲಿ ದೊಡ್ಡವರನ್ನು ಹೆದರಿಸಿದ ಸಣ್ಣವನನ್ನು ಈಗ ಅವನಿಗಿಂತ ಸಣ್ಣವನು ಬೇಟೆಯಾಡಿದನು. ರಷ್ಯ ತನ್ನ ಅನೇಕ ಹಡಗುಗಳನ್ನು ಸೆವಾಸ್ತಪೋಲಿನಿಂದ ಪೂರ್ವಕ್ಕೆ, ನೊವೊರೊಸ್ಸಿಸ್ಕಿಗೆ ಸಾಗಿಸಬೇಕಾಯಿತು.

ಇದನ್ನು ಕಂಡು ದೊಡ್ಡ ಹಡಗುಗಳ ಕಾಲ ಮುಗಿಯಿತೆಂದು ಅಡ್ಮಿರಲ್ ಓಬನ ಶಿಷ್ಯರಂತೆ ನಾನು ಹೇಳಲಾರೆ. ಈ ದೋಣಿಗಳಿಗೂ ಮದ್ದು ದೊರೆಯುತ್ತದೆ. ಮದ್ದಿಗೆ ಪ್ರತಿಮದ್ದೂ ದೊರೆಯುತ್ತದೆ. ನನ್ನ ಆತಂಕ ಬೇರೆ. ಅಗ್ಗದ ಕೈಗಳು ಹೆಚ್ಚಿದಷ್ಟೂ ಕೇಳಬೇಕಾದ ಸದ್ದುಗಳು ಹೆಚ್ಚುತ್ತವೆ. ಹೊಡೆಯುವ ಕಡೆ ಆಳಿಲ್ಲದಿರಬಹುದು. ಹೊಡೆಸಿಕೊಳ್ಳುವ ಹಡಗಿನಲ್ಲಿ ಇಂದಿಗೂ ನೂರಾರು ಮಂದಿ ಹುಡುಗರಿರುತ್ತಾರೆ.

‘ಖುಕ್ರಿ’ಯ ಪಾಠವನ್ನು ನಮ್ಮವರು ಮರೆತಿಲ್ಲವೆಂಬುದು ಸಮಾಧಾನದ ಮಾತು. ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ರೂಪಿಸಿದ ಸೋನಾರುಗಳನ್ನು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುತ್ತದೆ. ಜಲಾಂತರ್ಗಾಮಿಗಳನ್ನು ಹುಡುಕಲೆಂದೇ ಕಟ್ಟಿದ ‘ಅರ್ನಾಲಾ’ 2025ರ ಜೂನಿನಲ್ಲಿ ಸೇವೆಗೆ ಸೇರಿತು. ಆದರೆ ಮೆರವಣಿಗೆಯಲ್ಲಿ ಜನ ನೋಡುವುದು ಕ್ಷಿಪಣಿಯನ್ನು. ಹಡಗಿನ ತಳದಲ್ಲಿ, ನೀರಿನೊಳಗೆ ಅಡಗಿರುವ ಸೋನಾರನ್ನು ಯಾರೂ ನೋಡುವುದಿಲ್ಲ. ನೋಡದ್ದಕ್ಕೆ ಹಣ ಕೊಡುವಾಗ ಸರಕಾರಗಳ ಕೈ ಬಿಗಿಯಾಗುತ್ತದೆ. ಇದು ಎಲ್ಲ ದೇಶಗಳ ರೀತಿ.

ಕರಾಚಿಯ ಗೆಲವಿನ ನೆನಪಿಗಾಗಿ ಪ್ರತಿವರ್ಷ ಡಿಸೆಂಬರ್ 4ರಂದು ನಾವು ನೌಕಾದಿನವನ್ನು ಆಚರಿಸುತ್ತೇವೆ. ಅದು ಸರಿಯಾದದ್ದೇ. ಅದಕ್ಕೆ ಐದು ದಿನಗಳ ಆಚೆ ಇನ್ನೊಂದು ತಾರೀಖು ಇದೆ. ಹೊಸ ಯಂತ್ರಗಳಿಗೆ ಹಣ ಮಂಜೂರು ಮಾಡುವವರ ಮೇಜಿನ ಮೇಲಿನ ಪಂಚಾಂಗದಲ್ಲಿ ಆ ತಾರೀಖಿಗೂ ಒಂದು ಗುರುತು ಹಾಕಿರಬೇಕು.