ವೈದ್ಯಶಿಕ್ಷಣದಲ್ಲಿ ತದ್ವಿದ್ಯಸಂಭಾಷೆ

ವೈದ್ಯವಿದ್ಯೆಯು ಕೇವಲ ಗ್ರಂಥಪಠನದಿಂದಾಗಲಿ ಗುರುವಿನ ಪ್ರವಚನಮಾತ್ರದಿಂದಾಗಲಿ ಸಿದ್ಧಿಸಲಾರದೆಂಬದನ್ನು ನಮ್ಮ ಪ್ರಾಚೀನಾಚಾರ್ಯರು ಚೆನ್ನಾಗಿ ಅರಿತಿದ್ದರು. ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ಅಧ್ಯಯನ, ಅಧ್ಯಾಪನ, ತದ್ವಿದ್ಯಸಂಭಾಷೆ ಎಂದು ಜ್ಞಾನಕ್ಕೆ ಮೂರು ಉಪಾಯಗಳು ಹೇಳಲ್ಪಟ್ಟಿವೆ. ಒಂದೇ ವಿದ್ಯೆಯನ್ನು ಬಲ್ಲವರು ಕೂಡಿ ಮಾತಾಡುವದೇ ಈ ಮೂರನೆಯದು. ಆಚಾರ್ಯನು ಶುಶ್ರೂಷೆಗೆ ಮೆಚ್ಚಿ ಶಿಷ್ಯನಿಗೆ ಮೆಲ್ಲಮೆಲ್ಲನೆ ತಿಳಿಸುವ ಗುಟ್ಟಿನ ಅರ್ಥಗಳನ್ನು, ಗೆಲ್ಲುವ ಉತ್ಸಾಹದಲ್ಲಿ ಸಂವಾದಿಯು ಒಮ್ಮೆಲೆ ಹೊರಗೆಡಹುವನೆಂದು ಅಲ್ಲಿ ಬರೆದಿರುವದು ನಗೆ ತರುವಷ್ಟು ಸತ್ಯವಾಗಿದೆ.

ಇದರ ಜೀವಂತ ಚಿತ್ರವು ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿದೆ. ಚೈತ್ರರಥವನದಲ್ಲಿ ಋಷಿಗಳು ನೆರೆದಾಗ ರಸಗಳೆಷ್ಟೆಂಬ ಚರ್ಚೆಯು ಹುಟ್ಟಿತು. ಭದ್ರಕಾಪ್ಯನು ಒಂದೇ ಎಂದನು. ಶಾಕುಂತೇಯನು ಎರಡು, ಮೌದ್ಗಲ್ಯನು ಮೂರು, ಕೌಶಿಕನು ನಾಲ್ಕು, ಭರದ್ವಾಜನು ಐದು, ವಾರ್ಯೋವಿದನು ಆರು ಎಂದರು. ವಿದೇಹದ ನಿಮಿಯು ಕ್ಷಾರವನ್ನು ಕೂಡಿಸಿ ಏಳೆಂದನು. ಬಡಿಶನು ಅವ್ಯಕ್ತವನ್ನೂ ಸೇರಿಸಿ ಎಂಟೆಂದನು. ಬಾಹ್ಲೀಕದ ಕಾಂಕಾಯನನು ಲೆಕ್ಕವೇ ಇಲ್ಲವೆಂದನು. ಇಷ್ಟೆಲ್ಲ ಮುಗಿದ ಬಳಿಕವೇ ಪುನರ್ವಸು ಆತ್ರೇಯನ ಮಾತು ಬರುತ್ತದೆ. ಆತನು ರಸಗಳು ಆರೇ ಎಂದು ನಿರ್ಣಯಿಸಿ ಸುಮ್ಮನಾಗಲಿಲ್ಲ. ಒಬ್ಬೊಬ್ಬನ ಎಣಿಕೆಯು ಎಲ್ಲಿ ತಪ್ಪಿತೆಂಬದನ್ನು ಬಿಡಿಸಿ ತೋರಿಸಿದನು. ಕ್ಷಾರವು ರಸವಲ್ಲ, ಅನೇಕ ರಸಗಳುಳ್ಳ, ಸಂಸ್ಕಾರದಿಂದ ಮಾಡಲ್ಪಟ್ಟ ದ್ರವ್ಯವೆಂದನು. (ಅನುಭವಮಂಟಪದ ಗೋಷ್ಠಿಗಳ ವಾರ್ತೆಯನ್ನು ಬಲ್ಲ ನಮ್ಮ ವಾಚಕರಿಗೆ ಈ ರೀತಿಯು ಹೊಸದೆನಿಸದು.)

ಪಾಶ್ಚಾತ್ಯ ವೈದ್ಯಶಾಲೆಗಳಿಗೆ ಗೋಷ್ಠಿಪಾಠವು ಬೇರೆ ದಾರಿಯಿಂದ ಬಂದಿತು. ಕೆನಡಾ ದೇಶದ ಹ್ಯಾಮಿಲ್ಟನ್ ನಗರದಲ್ಲಿರುವ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯವು 1969ರಲ್ಲಿ ತನ್ನ ಮೊದಲಿನ 20 ಜನ ವೈದ್ಯವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಲ್ಲಿ ಕೂಡ್ರಿಸಿ, ರೋಗಿಯೊಬ್ಬನ ಸಮಸ್ಯೆಯನ್ನು ಅವರ ಮುಂದಿಟ್ಟಿತು. ತಮಗೆ ತಿಳಿಯದ್ದೇನೆಂಬದನ್ನು ಅವರೇ ಗುರುತಿಸಿ, ಓದಿಕೊಂಡು ಬಂದು, ಮತ್ತೆ ಕೂಡಿ ವಿಚಾರಿಸಬೇಕು. ಸಂಗಡ ಕೂಡ್ರುವ ಬೋಧಕನು ದಾರಿ ತೋರಬೇಕಲ್ಲದೆ ಉತ್ತರವನ್ನು ಕೊಡಲಾಗದು. 1974ರಲ್ಲಿ ನೆದರ್ಲೆಂಡಿನ ಮಾಸ್ಟ್ರಿಕ್ಟ್ ಇದನ್ನೇ ಹಿಡಿಯಿತು.

ಆದರೆ ಬೋಧಕನಿಗೆ ಆ ವಿಷಯದ ಪಾಂಡಿತ್ಯವು ಅವಶ್ಯವಿಲ್ಲ, ಗೋಷ್ಠಿಯನ್ನು ನಡೆಸುವ ಜಾಣ್ಮೆಯಿದ್ದರೆ ಸಾಕೆಂಬ ಮತವೂ ಅಲ್ಲಿ ಬೆಳೆಯಿತು. ಇದನ್ನು ನಾವು ಒಪ್ಪಲಾರೆವು. ಆತ್ರೇಯನು ಬಲ್ಲವನಾಗಿಯೂ ತಡೆದು ನುಡಿದನು. ಗುಂಪಿನವರೆಲ್ಲ ಒಪ್ಪಿಕೊಂಡ ತಪ್ಪೊಂದು ತಿದ್ದುವವನಿಲ್ಲದೆ ಉಳಿದರೆ, ಅದರ ಫಲವನ್ನುಣ್ಣುವವನು ಆ ಗೋಷ್ಠಿಯಲ್ಲಿ ಕೂತಿರದ ರೋಗಿಯು. ನಮ್ಮ ಪಾಠಶಾಲೆಗಳ ದೋಷವಾದರೋ ಇದಕ್ಕೆ ವಿಪರೀತವಾದದ್ದು: ಶಿಷ್ಯನು ಬಾಯಿ ತೆರೆಯುವ ಮೊದಲೇ ಗುರುವು ಆರೆಂದು ಹೇಳಿ ಮುಗಿಸುವನು, ಏಳೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದ ಹುಡುಗನು ಕ್ಷಾರದ ಮಾತನ್ನು ಕೇಳದೆಯೇ ಮನೆಗೆ ಹೋಗುವನು.